ಮನೆತನದಲ್ಲಿ ಬರುವ ಕರುಳಿನ ಕ್ಯಾನ್ಸರ್: ಅರಿವು ಮತ್ತು ತಡೆ

ನೆಂಟಸ್ತನ ಬೆಳೆಸುವ ಮುನ್ನ ಕುಲ, ಗೋತ್ರ, ಜಾತಕಗಳನ್ನು ವಿಚಾರಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಶ್ರಾದ್ಧದ ದಿನ ಮೂರು ತಲೆಮಾರಿನ ಹಿರಿಯರ ಹೆಸರನ್ನು ತಪ್ಪದೆ ಉಚ್ಚರಿಸುವ ಮನೆಗಳೂ ಉಂಟು. ಆದರೆ ಆ ಹಿರಿಯರು ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರೆಂದು ಕೇಳಿದರೆ ಖಚಿತವಾಗಿ ಹೇಳಬಲ್ಲವರು ವಿರಳ. "ಹೊಟ್ಟೆನೋವಿನಿಂದ ಹೋದರು", "ಏನೋ ಗಡ್ಡೆಯಂತೆ" ಎಂಬಷ್ಟರಲ್ಲಿಯೇ ಮಾತು ಮುಗಿಯುತ್ತದೆ. ಕ್ಯಾನ್ಸರ್ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆ ಈ ಮೌನಕ್ಕೆ ಒಂದು ಕಾರಣ. ಮಡಿದವರ ನೋವನ್ನು ಮತ್ತೆ ಕೆದಕಬಾರದೆಂಬ ಸೌಜನ್ಯ ಇನ್ನೊಂದು ಕಾರಣ.

ಬಹುಪಾಲು ಕಾಯಿಲೆಗಳ ವಿಷಯದಲ್ಲಿ ಈ ಮೌನದಿಂದ ಹೆಚ್ಚಿನ ಕೇಡಿಲ್ಲ. ಆದರೆ ಜಠರ ಹಾಗೂ ಕರುಳಿನ ಕೆಲವು ಕ್ಯಾನ್ಸರ್‌ಗಳ ವಿಷಯದಲ್ಲಿ ಅದಕ್ಕೆ ಪ್ರಾಣದ ಬೆಲೆಯನ್ನೇ ತೆರಬೇಕಾಗಬಹುದು. ಏಕೆಂದರೆ ಇವು ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಗುಣದೋಷದಿಂದ ಹುಟ್ಟುವಂಥವು. ಮುಂಚಿತವಾಗಿ ತಿಳಿದರೆ ಬಹುಮಟ್ಟಿಗೆ ತಡೆಯಬಹುದಾದಂಥವು.

ಹೊಲಿಗೆ ಕೆಲಸದಾಕೆಯ ಮಾತು

ಈ ಸಂಶೋಧನೆಯ ಕಥೆ ವೈದ್ಯರಿಂದಲ್ಲ, ಒಬ್ಬ ಸಾಮಾನ್ಯ ಹೆಂಗಸಿನಿಂದ ಆರಂಭವಾಗುತ್ತದೆ. ೧೮೯೫ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್ ಅವರ ಪರಿಚಯದ ಹೊಲಿಗೆ ಕೆಲಸದಾಕೆಯೊಬ್ಬಳು ಸದಾ ಖಿನ್ನಳಾಗಿರುತ್ತಿದ್ದಳು. ಕಾರಣ ಕೇಳಿದಾಗ, ತಮ್ಮ ಮನೆತನದವರೆಲ್ಲ ಕರುಳಿನ ಇಲ್ಲವೆ ಗರ್ಭಕೋಶದ ಕ್ಯಾನ್ಸರ್‌ನಿಂದ ಸಾಯುತ್ತಾರೆಂದೂ ತನಗೂ ಅದೇ ಗತಿಯೆಂದೂ ಆಕೆ ಹೇಳಿದಳು. ಆಗಿನ್ನೂ ಆಕೆ ಆರೋಗ್ಯವಂತೆ. ಕೆಲವು ವರ್ಷಗಳ ತರುವಾಯ ಆಕೆಯ ಮಾತು ನಿಜವಾಯಿತು. ವಾರ್ತಿನ್ ಆ ಮನೆತನದ ವಂಶವೃಕ್ಷವನ್ನು ಬರೆದು, ೧೯೧೩ರಲ್ಲಿ 'ಜಿ ಕುಟುಂಬ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಆದರೆ ಅದಕ್ಕೆ ದೊರೆಯಬೇಕಾದ ಮನ್ನಣೆ ದೊರೆಯಲಿಲ್ಲ.

ಅರ್ಧ ಶತಮಾನದ ಬಳಿಕ ನೆಬ್ರಾಸ್ಕದಲ್ಲಿ ಹೆನ್ರಿ ಲಿಂಚ್ ಎಂಬ ತರುಣ ವೈದ್ಯರ ಮುಂದೆ ಅತಿಯಾಗಿ ಮದ್ಯ ಸೇವಿಸುತ್ತಿದ್ದ ರೋಗಿಯೊಬ್ಬ ಕುಳಿತಿದ್ದ. ಏಕೆ ಇಷ್ಟು ಕುಡಿಯುತ್ತೀಯೆ ಎಂಬ ಪ್ರಶ್ನೆಗೆ, "ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾನ್ಸರ್‌ನಿಂದ ಸಾಯುತ್ತಾರೆ, ನಾನೂ ಸಾಯುವವನೇ" ಎಂಬರ್ಥದ ಉತ್ತರ ಬಂತು. ಲಿಂಚ್ ಆ ಮಾತನ್ನು ತಳ್ಳಿಹಾಕದೆ ಅವನ ನೆಂಟರಿಷ್ಟರನ್ನು ಹುಡುಕಿಕೊಂಡು ಹೋದರು. ೧೯೬೬ರಲ್ಲಿ ಅಂಥ ಎರಡು ಕುಟುಂಬಗಳ ವಿವರವನ್ನು ಪ್ರಕಟಿಸಿದರು. ಕ್ಯಾನ್ಸರ್ ಹೊರಗಿನ ಕಾರಣಗಳಿಂದಲೇ ಬರುವುದೆಂದು ನಂಬಿದ್ದ ಅನೇಕರು ಅವರನ್ನು ಬಹುಕಾಲ ಸಂಶಯದಿಂದಲೇ ಕಂಡರು. ಇಂದು ಆ ರೋಗಲಕ್ಷಣ ಸಮೂಹಕ್ಕೆ ಅವರದೇ ಹೆಸರಿದೆ: ಲಿಂಚ್ ಸಿಂಡ್ರೋಮ್. ಅದಕ್ಕೆ ಕಾರಣವಾದ ಎಂ.ಎಸ್.ಎಚ್.೨ ಎಂಬ ಜೀನು ೧೯೯೩ರಲ್ಲಿಯೂ ಎಂ.ಎಲ್.ಎಚ್.೧ ಎಂಬುದು ಮರುವರ್ಷವೂ ಪತ್ತೆಯಾದವು. ೨೦೦೦ದಲ್ಲಿ ವಾರ್ತಿನ್ನರ 'ಜಿ ಕುಟುಂಬ'ದಲ್ಲಿಯೂ ಎಂ.ಎಸ್.ಎಚ್.೨ರ ದೋಷವೇ ಇರುವುದು ದೃಢಪಟ್ಟಿತು. ಹೊಲಿಗೆಯಾಕೆಯ ಮಾತಿಗೆ ವಿಜ್ಞಾನದ ರುಜು ಬೀಳಲು ಒಂದು ಶತಮಾನವೇ ಹಿಡಿಯಿತು.

ನಕಲಿನಲ್ಲಿ ನುಸುಳುವ ತಪ್ಪು

ಜೀನಿನ ದೋಷದಿಂದ ಕ್ಯಾನ್ಸರ್ ಹೇಗೆ ಬರುತ್ತದೆಂಬುದನ್ನು ಬ್ಯಾಂಕಿನ ಲೆಡ್ಜರಿನ ಉಪಮಾನದಿಂದ ತಿಳಿಯಬಹುದು. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು ೩೦೦ ಕೋಟಿ ಅಕ್ಷರಗಳ ಒಂದು ಮಹಾಗ್ರಂಥವಿದೆ. ಕೋಶವು ಇಬ್ಭಾಗವಾಗುವಾಗಲೆಲ್ಲ ಆ ಗ್ರಂಥವಷ್ಟೂ ನಕಲಾಗಬೇಕು. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಲ್ಲಿ ಸವೆದು ಹೊಸದಾಗುವುದರಿಂದ ಅಲ್ಲಿ ಈ ನಕಲಿನ ಕೆಲಸ ಎಡೆಬಿಡದೆ ನಡೆಯುತ್ತಿರುತ್ತದೆ. ಎಂಥ ನಿಪುಣ ಗುಮಾಸ್ತನೇ ಆದರೂ ಉದ್ದದ ಅಂಕಿಯನ್ನು ಬರೆಯುವಾಗ ಒಂದು ಸೊನ್ನೆಯನ್ನು ಹೆಚ್ಚಾಗಿಯೋ ಕಡಿಮೆಯಾಗಿಯೋ ಬರೆದುಬಿಡಬಹುದು. ಅದಕ್ಕಾಗಿಯೇ ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದುದನ್ನು ಇನ್ನೊಬ್ಬರು ತಾಳೆ ನೋಡಿ ರುಜು ಹಾಕುವ ಪದ್ಧತಿಯಿದೆ. ಜೀವಕೋಶದಲ್ಲಿಯೂ ಅಂಥ ತಾಳೆ ನೋಡುವ ಸಿಬ್ಬಂದಿಯಿದೆ. ಎಂ.ಎಲ್.ಎಚ್.೧, ಎಂ.ಎಸ್.ಎಚ್.೨, ಎಂ.ಎಸ್.ಎಚ್.೬, ಪಿ.ಎಂ.ಎಸ್.೨ ಎಂಬ ನಾಲ್ಕು ಜೀನುಗಳು ಆ ಕೆಲಸದವು. ಒಂದೇ ಅಕ್ಷರ ಸಾಲಾಗಿ ಮರುಕಳಿಸುವ ಕಡೆ ನಕಲು ತಪ್ಪುವುದು ಹೆಚ್ಚು. ಅದನ್ನು ಹುಡುಕಿ ತಿದ್ದುವುದು ಇವುಗಳ ಹೊಣೆ.

ಪ್ರತಿಯೊಂದು ಜೀನಿಗೂ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಲಿಂಚ್ ಸಿಂಡ್ರೋಮ್ ಉಳ್ಳವರಲ್ಲಿ ಇವುಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಉಳಿದ ಒಂದರಿಂದಲೇ ಕೆಲಸ ಸಾಗುತ್ತಿರುತ್ತದೆ. ಎಂದಾದರೊಂದು ದಿನ ಕರುಳಿನ ಯಾವುದೋ ಒಂದು ಕೋಶದಲ್ಲಿ ಆ ಎರಡನೆಯ ಪ್ರತಿಯೂ ಕೆಟ್ಟರೆ, ಅಲ್ಲಿಂದ ಮುಂದೆ ತಪ್ಪುಗಳನ್ನು ತಿದ್ದುವವರೇ ಇಲ್ಲದಂತಾಗುತ್ತದೆ. ತಪ್ಪಿನ ಮೇಲೆ ತಪ್ಪು ಕೂಡುತ್ತ ಆ ಕೋಶ ಲಂಗುಲಗಾಮಿಲ್ಲದೆ ಬೆಳೆಯತೊಡಗುತ್ತದೆ. ಸಾಮಾನ್ಯರಲ್ಲಿ ಕರುಳಿನ ಚಿಕ್ಕ ಗಂಟು ಕ್ಯಾನ್ಸರ್ ಆಗಿ ಮಾರ್ಪಡಲು ಹತ್ತು ವರ್ಷವೋ ಅದಕ್ಕೂ ಹೆಚ್ಚು ಕಾಲವೋ ಬೇಕು. ಇವರಲ್ಲಿ ಎರಡು ಮೂರು ವರ್ಷಗಳೇ ಸಾಕಾಗಬಹುದು.

ಕರುಳಿನ ಕ್ಯಾನ್ಸರ್‌ಗಳಲ್ಲಿ ಲಿಂಚ್ ಸಿಂಡ್ರೋಮಿಗೆ ಸೇರಿದವು ನೂರಕ್ಕೆ ಸುಮಾರು ಮೂರು. ಪ್ರಮಾಣ ಅಲ್ಪವೆನಿಸಿದರೂ ಒಬ್ಬ ರೋಗಿಯ ಹಿಂದೆ ಇಡೀ ಮನೆತನವಿರುವುದನ್ನು ಮರೆಯಬಾರದು. ಇದಲ್ಲದೆ ಎ.ಪಿ.ಸಿ. ಎಂಬ ಜೀನಿನ ದೋಷದಿಂದ ಎಳೆಯ ವಯಸ್ಸಿನಲ್ಲಿಯೇ ಕರುಳಿನ ತುಂಬ ನೂರಾರು, ಸಾವಿರಾರು ಗಂಟುಗಳು ಏಳುವ ಇನ್ನೊಂದು ರೋಗವಿದೆ. ಈ ಜೀನು ೧೯೯೧ರಲ್ಲಿ ಪತ್ತೆಯಾಯಿತು. ಚಿಕಿತ್ಸೆಯಿಲ್ಲದಿದ್ದರೆ ಅಂಥವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ನಡುವಯಸ್ಸಿನೊಳಗೆ ಕ್ಯಾನ್ಸರ್ ಬರುವುದರಿಂದ, ಆ ಕುಟುಂಬದ ಮಕ್ಕಳ ತಪಾಸಣೆಯನ್ನು ೧೦ರಿಂದ ೧೨ನೆಯ ವಯಸ್ಸಿನಲ್ಲಿಯೇ ಆರಂಭಿಸುತ್ತಾರೆ.

ಶಾಪವಲ್ಲ, ದೋಷ

ಒಂದೇ ಮನೆಯಲ್ಲಿ ಚಿಕ್ಕವಯಸ್ಸಿನವರು ಒಬ್ಬರ ಹಿಂದೆ ಒಬ್ಬರು ಮಡಿದಾಗ ಅದನ್ನು ಶಾಪವೆಂದೋ ನಾಗದೋಷವೆಂದೋ ಭಾವಿಸುವುದು ನಮ್ಮಲ್ಲಿ ಮಾತ್ರವಲ್ಲ. ನ್ಯೂಜಿಲೆಂಡಿನ ಮಾವೋರಿ ಜನಾಂಗದ ಒಂದು ದೊಡ್ಡ ಕುಟುಂಬದಲ್ಲಿ ಮೂವತ್ತು ವರ್ಷಗಳ ಅವಧಿಯಲ್ಲಿ ೨೫ ಜನ ಜಠರದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಲ್ಲಿ ತೀರ ಎಳೆಯವರಿಗೆ ೧೪ ವರ್ಷ. ಇದು ಪೂರ್ವಿಕರ ಶಾಪವೆಂದು ನಂಬಿದವರು ಅಲ್ಲಿಯೂ ಇದ್ದರು. ಆದರೆ ಆ ಕುಟುಂಬದವರೇ ತಮ್ಮ ವಂಶಾವಳಿಯನ್ನು ಹಿಡಿದು ಒಟಾಗೊ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ಬಳಿ ಹೋದರು. ಪ್ಯಾರಿ ಗಿಲ್ಫರ್ಡ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ಸಿ.ಡಿ.ಎಚ್.೧ ಎಂಬ ಜೀನಿನ ದೋಷವನ್ನು ಕಂಡುಹಿಡಿದರು. ಅಂದಿನಿಂದ ಆ ಮನೆತನದಲ್ಲಿ ಯಾರಿಗೆ ಅಪಾಯವಿದೆ, ಯಾರಿಗಿಲ್ಲವೆಂಬುದನ್ನು ರಕ್ತಪರೀಕ್ಷೆಯಿಂದ ಹೇಳುವುದು ಸಾಧ್ಯವಾಯಿತು. ಅಪಾಯವಿದ್ದವರಲ್ಲಿ ಹಲವರು ಜಠರವನ್ನೇ ತೆಗೆಸಿಕೊಂಡು ಬದುಕುಳಿದರು. ಅದು ಕಠಿನವಾದ ನಿರ್ಧಾರವೇ ಸರಿ; ಆದರೆ ಕಣ್ಣುಮುಚ್ಚಿ ಸಾವನ್ನು ಕಾಯುವುದಕ್ಕಿಂತ ಲೇಸು.

ಗೋತ್ರ ಬದಲಾದರೂ ಜೀನು ಬದಲಾಗದು

ದೆಹಲಿಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಯಜಮಾನರಿಗೆ ೪೬ ವರ್ಷ, ಕೇಂದ್ರ ಸರಕಾರದ ನೌಕರಿ, ಮನೆ ರಾಮಕೃಷ್ಣಪುರದಲ್ಲಿ. ಮಲದಲ್ಲಿ ರಕ್ತ ಕಾಣಿಸುತ್ತಿದ್ದುದನ್ನು ಮೂಲವ್ಯಾಧಿಯೆಂದೇ ಬಗೆದು ಆರು ತಿಂಗಳು ಕಳೆದರು. ಕೊನೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿಯಿತು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು ವೈದ್ಯರು ಕೇಳಿದರೆ, ಅವರು ಕೊಡುವ ಉತ್ತರ: "ಇಲ್ಲ. ತಂದೆಯವರು ೮೦ ವರ್ಷ ಬಾಳಿದರು."

ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಅದು ಅರ್ಧ ಲೆಕ್ಕ ಮಾತ್ರ. ಅವರ ತಾಯಿಗೆ ೪೮ನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ಗರ್ಭಕೋಶವನ್ನು ತೆಗೆದಿದ್ದರು. ಅದು ಗರ್ಭಕೋಶದ ಕ್ಯಾನ್ಸರ್ ಎಂಬುದು ಮನೆಯ ಹೆಂಗಸರಿಗಷ್ಟೇ ಗೊತ್ತು. ಸೋದರಮಾವ ದಾವಣಗೆರೆಯಲ್ಲಿ ೪೪ನೆಯ ವಯಸ್ಸಿಗೆ ತೀರಿಕೊಂಡರು. ಕರುಳಿನಲ್ಲಿ ಗಡ್ಡೆಯಿತ್ತೆಂದು ಅತ್ತೆಗೆ ಮಾತ್ರ ಗೊತ್ತು. ಮೂರು ಊರು, ಮೂರು ಮನೆ, ಮೂರು ಬೇರೆ ಬೇರೆ ದುಃಖಗಳು. ಒಂದೇ ಹಾಳೆಯ ಮೇಲೆ ಬರೆದಾಗ ಮಾತ್ರ ಇವು ಮೂರೂ ಒಂದೇ ಖಾತೆಗೆ ಸೇರಿದವೆಂಬುದು ಹೊಳೆಯುತ್ತದೆ. ಲಿಂಚ್ ಸಿಂಡ್ರೋಮ್ ಉಳ್ಳ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಕರುಳಿನದರಷ್ಟೇ ಸಾಮಾನ್ಯ. ಆದುದರಿಂದ ತಾಯಿಯ ಕಾಯಿಲೆಯೂ ಮಗನ ಕಾಯಿಲೆಯೂ ಒಂದೇ ಮೂಲದವು.

ಇಲ್ಲಿ ನಮ್ಮವರು ಎರಡು ತಪ್ಪುಗಳನ್ನು ಮಾಡುತ್ತಾರೆ. ಮೊದಲನೆಯದಾಗಿ, ವಂಶವೆಂದರೆ ತಂದೆಯ ಕಡೆಯದೆಂದೇ ಎಣಿಸುತ್ತಾರೆ. ಮದುವೆಯಿಂದ ಹೆಣ್ಣಿನ ಗೋತ್ರ ಬದಲಾಗಬಹುದು. ಆಕೆ ಹೊತ್ತು ತಂದ ಜೀನು ಬದಲಾಗುವುದಿಲ್ಲ. ದೋಷವಿರುವ ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿಯೊಂದು ಮಗುವಿಗೂ, ಗಂಡಿರಲಿ ಹೆಣ್ಣಿರಲಿ, ಅದು ಬರುವ ಸಂಭವ ಅರ್ಧಕ್ಕರ್ಧ. ಎರಡನೆಯದಾಗಿ, ಹೆಂಗಸರ ಕಾಯಿಲೆಗಳನ್ನು ಹೇಳಬಾರದ ವಿಷಯವೆಂದು ಮುಚ್ಚಿಡುತ್ತಾರೆ. ಇದರಿಂದ ಮೈಸೂರಿಗೆ ಮದುವೆಯಾಗಿ ಹೋದ ಯಜಮಾನರ ತಂಗಿಗೂ ದೆಹಲಿಯಲ್ಲಿ ಓದುತ್ತಿರುವ ಮಗಳಿಗೂ ತಮ್ಮ ಅಪಾಯದ ಸುಳಿವೇ ದೊರೆಯುವುದಿಲ್ಲ.

ತಜ್ಞರು ೧೯೯೧ರಲ್ಲಿ ಪ್ರಕಟಿಸಿದ 'ಆಮ್‌ಸ್ಟರ್‌ಡ್ಯಾಮ್ ಮಾನದಂಡ'ವನ್ನು ೩, ೨, ೧ ಎಂದು ನೆನಪಿಡಬಹುದು: ಹತ್ತಿರದ ರಕ್ತಸಂಬಂಧಿಗಳಲ್ಲಿ ಮೂವರಿಗೆ ಈ ಬಗೆಯ ಕ್ಯಾನ್ಸರ್, ಸತತವಾದ ಎರಡು ತಲೆಮಾರುಗಳಲ್ಲಿ, ಒಬ್ಬರಿಗಾದರೂ ೫೦ ತುಂಬುವ ಮುನ್ನ. ೧೯೯೯ರಲ್ಲಿ ಗರ್ಭಕೋಶದ ಕ್ಯಾನ್ಸರನ್ನೂ ಇದರ ಎಣಿಕೆಗೆ ಸೇರಿಸಲಾಯಿತು. ಆದರೆ ಈ ಲೆಕ್ಕಕ್ಕೆ ಸಿಗದ ಕುಟುಂಬಗಳೂ ಇರುವುದರಿಂದ, ಕರುಳಿನಿಂದ ತೆಗೆದ ಪ್ರತಿಯೊಂದು ಗಡ್ಡೆಯಲ್ಲಿಯೂ ಈ ದೋಷವನ್ನು ಹುಡುಕಬೇಕೆಂಬುದು ಇಂದಿನ ಅಭಿಮತ.

ಒಳಸಂಬಂಧದ ಮದುವೆಗಳ ವಿಷಯವನ್ನೂ ಇಲ್ಲಿ ಹೇಳಬೇಕು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಸುಮಾರು ಒಂದು ಮದುವೆ ರಕ್ತಸಂಬಂಧದಲ್ಲಿಯೇ ನಡೆದಿರುವಂಥದು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾದಾಗ ಗಂಡ ಹೆಂಡಿರಿಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚು. ಆಗ ಮಗುವಿಗೆ ಕೆಟ್ಟ ಪ್ರತಿಗಳೆರಡೂ ಬರಬಹುದು. ತಾಳೆ ನೋಡುವವರೇ ಇಲ್ಲದೆ ಹುಟ್ಟುವ ಅಂಥ ಮಕ್ಕಳಿಗೆ ಬಾಲ್ಯದಲ್ಲಿಯೇ ಮಿದುಳಿನ, ರಕ್ತದ, ಕರುಳಿನ ಕ್ಯಾನ್ಸರ್‌ಗಳು ತಗಲುತ್ತವೆ. ಇದು ಅತಿ ವಿರಳವಾದರೂ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇರುವವರು ಒಳಸಂಬಂಧ ಬೆಳೆಸುವ ಮುನ್ನ ವೈದ್ಯರ ಸಲಹೆ ಪಡೆಯುವುದು ವಿವೇಕ.

ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ರೋಗಿಯಿಂದಲೇ ಆರಂಭಿಸುವುದು ಕ್ರಮ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದ ಅಚ್ಚಿನಲ್ಲಿ ಹುದುಗಿಸಿ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದಲ್ಲಿ ಕಾದಿಡುತ್ತಾರೆ. ತಾಳೆ ನೋಡುವ ಆ ನಾಲ್ಕು ಜೀನುಗಳ ಕೆಲಸ ನಡೆದಿದೆಯೇ ಇಲ್ಲವೇ ಎಂಬುದು ಆ ಚೂರಿಗೆ ಬಣ್ಣ ಕಟ್ಟಿದಾಗ ಗೊತ್ತಾಗುತ್ತದೆ. ವರ್ಷಗಳ ಬಳಿಕವೂ ಇದು ಸಾಧ್ಯ. ಆದಕಾರಣ ತೀರಿಕೊಂಡ ನೆಂಟರ ಅಚ್ಚು ಆಸ್ಪತ್ರೆಯಲ್ಲಿ ಇನ್ನೂ ಉಳಿದಿದೆಯೇ ಎಂದು ವಿಚಾರಿಸುವುದು ವ್ಯರ್ಥವಲ್ಲ. ಸಂಶಯ ಬಂದರೆ ರೋಗಿಯ ರಕ್ತದಲ್ಲಿ ಜೀನಿನ ಪರೀಕ್ಷೆ. ಅದರಲ್ಲಿ ದೋಷ ಖಚಿತವಾದರೆ ಒಡಹುಟ್ಟಿದವರಿಗೆ, ವಯಸ್ಕ ಮಕ್ಕಳಿಗೆ ಅದೊಂದೇ ದೋಷದ ಪರೀಕ್ಷೆ. ದೋಷ ಬಾರದವರು ಆ ಭಯದಿಂದ ಶಾಶ್ವತವಾಗಿ ಮುಕ್ತರು. ಅವರ ಮಕ್ಕಳಿಗೂ ಅವರಿಂದ ಅದು ಬರದು.

ಈ ವಿಷಯದಲ್ಲಿ ರಾಜಧಾನಿಯ ಸುತ್ತಮುತ್ತ ಇರುವವರು ಅದೃಷ್ಟವಂತರೆನ್ನಬೇಕು. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ದೆಹಲಿಯಲ್ಲಿದೆ. ಅದೇ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ೨೦೧೯ರಲ್ಲಿ ಹರಿಯಾಣದ ಝಜ್ಜರ್ ಜಿಲ್ಲೆಯಲ್ಲಿ ಉದ್ಘಾಟನೆಗೊಂಡಿತು. ರೋಹಿಣಿಯಲ್ಲಿ ರಾಜೀವ್ ಗಾಂಧಿ ಕ್ಯಾನ್ಸರ್ ಸಂಸ್ಥೆಯಿದೆ. ಸರ್ ಗಂಗಾರಾಮ್ ಆಸ್ಪತ್ರೆಯಲ್ಲಿ ವೈದ್ಯಕೀಯ ತಳಿಶಾಸ್ತ್ರದ ಪ್ರತ್ಯೇಕ ವಿಭಾಗವಿದೆ. ನಾಡಿನಲ್ಲಿರುವ ಬಂಧುಗಳಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ೧೯೭೩ರಿಂದ ಆಸರೆಯಾಗಿದೆ.

ಒಂದು ತೊಡಕನ್ನು ಹೇಳದಿರಲಾಗದು. ಪರೀಕ್ಷೆಯಲ್ಲಿ ಕಾಣುವ ಬದಲಾವಣೆ ಕೆಡುಕಿನದೋ ನಿರುಪದ್ರವಿಯೋ ಎಂದು ಕೆಲವೊಮ್ಮೆ ನಿರ್ಧರಿಸಲಾಗುವುದಿಲ್ಲ. ಹೋಲಿಸಿ ನೋಡುವ ಮಾಹಿತಿ ಬಹುಪಾಲು ಐರೋಪ್ಯ ಜನರದಾಗಿರುವುದು ಇದಕ್ಕೆ ಕಾರಣ. ಈ ಕೊರತೆಯನ್ನು ನೀಗಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 'ಜೀನೋಮ್ ಇಂಡಿಯಾ' ಯೋಜನೆ ೨೦೨೦ರಲ್ಲಿ ಆರಂಭವಾಯಿತು. ಸುಮಾರು ೧೦,೦೦೦ ಭಾರತೀಯರ ಜೀನುಗಳ ವಿವರವನ್ನು ದೆಹಲಿಯ ನೆರೆಯ ಫರೀದಾಬಾದಿನ ದತ್ತಾಂಶ ಕೇಂದ್ರದಲ್ಲಿ ಇರಿಸಿ, ೨೦೨೫ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು.

ತಪಾಸಣೆ ಮತ್ತು ತಡೆ

ಅಪಾಯವಿದೆಯೆಂದು ತಿಳಿದವರು ಮಾಡಬೇಕಾದ ಮುಖ್ಯ ಕೆಲಸ ಕೊಲೊನೊಸ್ಕೋಪಿ. ಹಿಂದಿನ ದಿನ ಭೇದಿಯ ದ್ರಾವಣ ಕುಡಿದು ಕರುಳನ್ನು ಶುಚಿ ಮಾಡಿಕೊಳ್ಳಬೇಕು. ಮರುದಿನ ಮಂಪರಿನ ಔಷಧಿ ಕೊಟ್ಟು, ಬಾಗುವ ನಳಿಕೆಯ ತುದಿಯ ಕ್ಯಾಮೆರಾದಿಂದ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಪರೀಕ್ಷಿಸುತ್ತಾರೆ. ಗಂಟು ಕಂಡರೆ ಅಲ್ಲಿಯೇ ಕತ್ತರಿಸಿ ತೆಗೆಯುತ್ತಾರೆ. ಅಂದರೆ ಇದು ರೋಗವನ್ನು ಪತ್ತೆಮಾಡುವುದಷ್ಟೇ ಅಲ್ಲ, ಬಾರದಂತೆ ತಡೆಯುವ ಉಪಾಯವೂ ಹೌದು. ಎಂ.ಎಲ್.ಎಚ್.೧, ಎಂ.ಎಸ್.ಎಚ್.೨ ದೋಷವುಳ್ಳವರು ೨೦ರಿಂದ ೨೫ನೆಯ ವಯಸ್ಸಿಗೆ ಆರಂಭಿಸಿ ಒಂದೆರಡು ವರ್ಷಗಳಿಗೊಮ್ಮೆ ಇದನ್ನು ಮಾಡಿಸಿಕೊಳ್ಳಬೇಕು. ಉಳಿದೆರಡು ಜೀನುಗಳವರು ತುಸು ತಡವಾಗಿ ಆರಂಭಿಸಬಹುದು. ಹೆಂಗಸರು ಗರ್ಭಕೋಶದ ವಿಷಯವಾಗಿ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಮಕ್ಕಳಾದ ಮೇಲೆ ಅದನ್ನು ತೆಗೆಸಿಕೊಳ್ಳುವುದೂ ಒಂದು ಮಾರ್ಗ.

ಇದರಿಂದ ಪ್ರಯೋಜನವುಂಟೇ ಎಂಬ ಪ್ರಶ್ನೆಗೆ ಫಿನ್ಲೆಂಡ್ ಉತ್ತರ ಕೊಟ್ಟಿದೆ. ಅಲ್ಲಿ ಇಂಥ ಕುಟುಂಬಗಳ ೨೫೨ ಜನರನ್ನು ೧೫ ವರ್ಷ ಗಮನಿಸಿ ೨೦೦೦ದಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷಗಳಿಗೊಮ್ಮೆ ತಪಾಸಣೆಗೆ ಒಳಗಾದ ೧೩೩ ಜನರಲ್ಲಿ ೮ ಮಂದಿಗೆ ಕರುಳಿನ ಕ್ಯಾನ್ಸರ್ ಬಂತು. ಒಳಗಾಗದ ೧೧೯ ಜನರಲ್ಲಿ ೧೯ ಮಂದಿಗೆ. ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗಿತು.

ಔಷಧಿಯಿಂದ ತಡೆಯುವ ಪ್ರಯತ್ನವೂ ನಡೆದಿದೆ. ಬ್ರಿಟನ್ನಿನ ಜಾನ್ ಬರ್ನ್ ಅವರ ನೇತೃತ್ವದಲ್ಲಿ ಲಿಂಚ್ ಸಿಂಡ್ರೋಮ್ ಉಳ್ಳ ೮೬೧ ಜನರ ಮೇಲೆ ನಡೆದ ಪ್ರಯೋಗದ ದೀರ್ಘಕಾಲದ ಫಲಿತಾಂಶ ೨೦೨೦ರಲ್ಲಿ ಹೊರಬಂತು. ದಿನಕ್ಕೆ ೬೦೦ ಮಿಲಿಗ್ರಾಂ ಆಸ್ಪಿರಿನ್ ಪಡೆದ ೪೨೭ ಜನರಲ್ಲಿ ೪೦ ಮಂದಿಗೂ, ಹುಸಿ ಮಾತ್ರೆ ಪಡೆದ ೪೩೪ ಜನರಲ್ಲಿ ೫೮ ಮಂದಿಗೂ ಕರುಳಿನ ಕ್ಯಾನ್ಸರ್ ಬಂದಿತ್ತು. ಆದರೆ ಆಸ್ಪಿರಿನ್ನಿನಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯವಿರುವುದರಿಂದ ವೈದ್ಯರು ಹೇಳದೆ ಯಾರೂ ಅದನ್ನು ನುಂಗತಕ್ಕದ್ದಲ್ಲ. ಹೊಗೆಸೊಪ್ಪು, ಮದ್ಯಗಳನ್ನು ವರ್ಜಿಸುವುದು, ಮೈತೂಕವನ್ನು ಹಿಡಿತದಲ್ಲಿಡುವುದು, ತರಕಾರಿ ಕಾಳುಗಳನ್ನು ಹೆಚ್ಚಾಗಿ ತಿನ್ನುವುದು ಎಲ್ಲರಿಗೂ ಹಿತ. ಆದರೆ ಜೀನಿನ ದೋಷವಿರುವವರಿಗೆ ಇವು ತಪಾಸಣೆಗೆ ಬದಲಾಗಲಾರವು.

ಜೀನಿನ ದೋಷ ಪತ್ತೆಯಾಗದ ಮನೆಗಳಿಗೂ ಒಂದು ಸರಳ ಸೂತ್ರವುಂಟು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ೬೦ ತುಂಬುವ ಮುನ್ನ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಉಳಿದವರು ೪೦ನೆಯ ವಯಸ್ಸಿಗೋ ಅಥವಾ ರೋಗಿಗೆ ಕಾಯಿಲೆ ತಿಳಿದ ವಯಸ್ಸಿಗಿಂತ ಹತ್ತು ವರ್ಷ ಮುಂಚೆಯೋ, ಯಾವುದು ಮೊದಲೋ ಆಗ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು. ತಂದೆಗೆ ೪೩ರಲ್ಲಿ ಬಂದಿದ್ದರೆ ಮಕ್ಕಳಿಗೆ ೩೩ರಲ್ಲಿ. ನಮ್ಮ ದೇಶದಲ್ಲಿ ಸರಕಾರದ ವತಿಯಿಂದ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ತಪಾಸಣೆಯ ಕಾರ್ಯಕ್ರಮವಿದೆ, ಕರುಳಿಗೆ ಅಂಥದಿಲ್ಲ. ಆದುದರಿಂದ ಯಾರೂ ಕರೆ ಕಳುಹಿಸುವುದಿಲ್ಲ, ನಾವೇ ಹೋಗಬೇಕು.

ವಿಮೆಯ ವಿಚಾರ

ಪರೀಕ್ಷೆ ಮಾಡಿಸಿದರೆ ಆರೋಗ್ಯ ವಿಮೆ ಕೈತಪ್ಪೀತೆಂಬ ಭಯ ಅನೇಕರಿಗಿದೆ. ಈ ಬಗೆಗೆ ದೆಹಲಿ ಉಚ್ಚ ನ್ಯಾಯಾಲಯ ೨೦೧೮ರ ಫೆಬ್ರವರಿಯಲ್ಲಿ ಮಹತ್ವದ ತೀರ್ಪೊಂದನ್ನು ನೀಡಿತು. ವಂಶಪಾರಂಪರ್ಯವಾಗಿ ಬಂದ ಹೃದಯರೋಗಕ್ಕೆ ಪರಿಹಾರ ನಿರಾಕರಿಸಲಾಗಿದ್ದ ಮೊಕದ್ದಮೆಯದು. 'ಜೀನಿನ ರೋಗಗಳು' ಎಂದು ಒಟ್ಟಾಗಿ ಹೊರಗಿಡುವ ಷರತ್ತು ತಾರತಮ್ಯದ್ದೆಂದು ನ್ಯಾಯಾಲಯ ಹೇಳಿತು. ವಿಷಯ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಆದರೆ ಅದೇ ವರ್ಷ ವಿಮಾ ನಿಯಂತ್ರಣ ಪ್ರಾಧಿಕಾರವು ಹೊಸ ಆರೋಗ್ಯ ಪಾಲಿಸಿಗಳಲ್ಲಿ ಇಂಥ ಷರತ್ತು ಇರಕೂಡದೆಂದು ಕಂಪನಿಗಳಿಗೆ ಸೂಚಿಸಿತು. ಹಾಗಿದ್ದರೂ ಅರ್ಜಿಯ ನಮೂನೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ನಿಜವನ್ನೇ ಬರೆಯುವುದು, ಪಾಲಿಸಿಯಲ್ಲಿ ಹೊರತುಪಡಿಸಿದ ಸಂಗತಿಗಳನ್ನು ಮೊದಲೇ ಓದಿಕೊಳ್ಳುವುದು ಕ್ಷೇಮ. ಮುಚ್ಚಿಟ್ಟದ್ದು ಪರಿಹಾರ ಕೇಳುವ ಹೊತ್ತಿಗೆ ಮುಳುವಾಗುತ್ತದೆ.

ಒಂದು ಹಾಳೆಯ ಕೆಲಸ

ಇಷ್ಟೆಲ್ಲ ಸಂಶೋಧನೆಯ ಫಲ ಒಂದು ಮನೆಗೆ ಮುಟ್ಟಬೇಕಾದರೆ ಮೊದಲು ಬೇಕಾದುದು ಯಂತ್ರವಲ್ಲ, ಹಣವಲ್ಲ. ಒಂದು ಹಾಳೆ ಮತ್ತು ಒಂದು ಲೇಖನಿ. ಊರು ಬಿಟ್ಟು ಎರಡು ಸಾವಿರ ಕಿಲೋಮೀಟರು ದೂರ ಬಂದು ನೆಲೆಸಿದ ದೆಹಲಿ ಕನ್ನಡಿಗರ ಮಕ್ಕಳಿಗೆ ದೊಡ್ಡಮ್ಮ, ಸೋದರಮಾವಂದಿರ ಮುಖಪರಿಚಯವೇ ಕಡಿಮೆ. ಅವರ ಕಾಯಿಲೆಗಳ ಮಾತು ಹಾಗಿರಲಿ. ಮುಂದಿನ ರಜೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ, ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ವಿನಯದಿಂದ ಕೇಳಬೇಕು: ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೆಯ ವಯಸ್ಸಿನಲ್ಲಿ, ಯಾವ ಆಸ್ಪತ್ರೆಯಲ್ಲಿ. ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಎಂದು ಮೂರು ತಲೆಮಾರಿನ ವಿವರ ಬರೆದು, ಒಂದು ನಕಲನ್ನು ಒಡಹುಟ್ಟಿದವರಿಗೂ ಕೊಡಬೇಕು. ಅನುಮಾನ ಬಂದರೆ ಆ ಹಾಳೆಯನ್ನೇ ವೈದ್ಯರ ಮುಂದಿಡಬೇಕು.

ಹೊಲಿಗೆ ಕೆಲಸದ ಆ ಹೆಂಗಸಿಗೆ ತನ್ನ ಮನೆತನದ ಲೆಕ್ಕ ಪೂರ್ತಿ ತಿಳಿದಿತ್ತು. ಆದರೆ ಅಂದು ಆಕೆಗೆ ಮಾಡಲು ಏನೂ ಇರಲಿಲ್ಲ. ಇಂದು ಮಾಡಲು ಬಹಳವಿದೆ. ಲೆಕ್ಕವೇ ನಮಗೆ ತಿಳಿದಿಲ್ಲ. ಹಿರಿಯರಿಂದ ಬಂದ ಆಸ್ತಿಯ ಪತ್ರಗಳನ್ನು ಜೋಪಾನ ಮಾಡುವ ನಾವು, ಅವರಿಂದ ಬಂದಿರಬಹುದಾದ ಈ ಸಾಲದ ವಿವರವನ್ನೂ ಮಕ್ಕಳ ಕೈಗೆ ಒಪ್ಪಿಸುವುದು ಕರ್ತವ್ಯ. ತಿಳಿದ ಸಾಲವನ್ನು ತೀರಿಸಬಹುದು.